ಹದಿನಾಲ್ಕನೆಯ ಮೆಟ್ಟಿಲು

ಅವರಿಗೆ ನೋಯುತ್ತಿದ್ದದ್ದು ಎಡ ಮೊಣಕಾಲೋ ಬಲ ಮೊಣಕಾಲೋ ಎಂದು ಎರಡು ದಿನದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಅಮೆರಿಕಾದ ಬರ್ಕ್ಲಿಯ ಒಂದೇ ಆಫೀಸಿನಲ್ಲಿ ಆರು ವರ್ಷ ಎದುರುಬದುರು ಮೇಜಿನಲ್ಲಿ ಕೂತವಳು ನಾನು. ಕುರ್ಚಿಯಿಂದ ಏಳುವಾಗ ಅವರು ಮೇಜಿನ ಅಂಚು ಹಿಡಿದು 'ಯವ್ವಾ' ಎನ್ನುತ್ತಿದ್ದದ್ದು ಕಿವಿಯಲ್ಲಿದೆ. ಯಾವ ಕಾಲಿನ ಮೇಲೆ ಭಾರ ಹಾಕುತ್ತಿದ್ದರು ಎಂಬುದು ಕಣ್ಣಿನಲ್ಲಿಲ್ಲ. ಇಷ್ಟು ಸಣ್ಣದನ್ನು ಉಳಿಸಿಕೊಳ್ಳದ ನಾನು ಉಳಿದದ್ದನ್ನು ಸರಿಯಾಗಿ ಬರೆಯುತ್ತೇನೆಂದು ಯಾಕೆ ನಂಬಬೇಕು? ಆದರೂ ಬರೆಯಬೇಕು. ಕಳೆದ ತಿಂಗಳು ಲಿವರ್‌ಮೋರಿನಲ್ಲಿ, ತಮ್ಮನ ಮನೆಯಲ್ಲಿ, ಅವರು ತೀರಿಕೊಂಡರು.

ಹೆಸರು ಬರೆಯುವುದಿಲ್ಲ. ಕೇಳಿದ್ದರೆ 'ಬ್ಯಾಡ ಬಿಡು' ಎನ್ನುತ್ತಿದ್ದರು ಅನ್ನಿಸುತ್ತದೆ. ಇದು ನನ್ನ ಊಹೆ, ಅವರನ್ನು ಕೇಳಿರಲಿಲ್ಲ. ಆಫೀಸಿಗೆ ಸೇರಿದ ಮೊದಲ ದಿನ ನಾನು 'ಮೇಡಂ' ಎಂದಾಗ ಕನ್ನಡಕದ ಮೇಲಿಂದ ನೋಡಿ, "ಯಾವ ಊರವ್ವಾ ನಿಂದು?" ಎಂದರು.

"ಹಾಸನ, ಮೇಡಂ."

"ಹಾಸನದಾಗ ಅಕ್ಕಾ ಅನ್ನೂದಿಲ್ಲೇನ? ಮೇಡಂ ಅನ್ನಾಕ ಇಲ್ಲೆ ಇಡೀ ಅಮೆರಿಕಾ ಐತಿ."

ಅಂದಿನಿಂದ ಅವರು ನನಗೆ ಅಕ್ಕ, ನಾನು ಅವರಿಗೆ ತಂಗಿ. ವಯಸ್ಸಿನಲ್ಲಿ ತಾಯಿಗಿಂತ ದೊಡ್ಡವರಿದ್ದರು.

ನಮ್ಮ ಆಫೀಸಿನ ಕೆಲಸ ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಮಾಡುವುದು. ಹೊಸದನ್ನು ಕಟ್ಟುವವರ ಕೆಲಸಕ್ಕಿರುವ ಮರ್ಯಾದೆ ಇದಕ್ಕಿಲ್ಲ. ಅಕ್ಕ ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಓದಿ, ಇಂಗ್ಲೆಂಡಿನಲ್ಲಿ ಬಹಳ ವರ್ಷ ಹಳ್ಳಿಗಾಡಿನ ಜಮೀನ್ದಾರರ ದೊಡ್ಡ ದೊಡ್ಡ ಮನೆಗಳನ್ನು ಅಳೆದು ಬಂದವರು. ಎಷ್ಟು ವರ್ಷ ಎಂದರೆ ಒಮ್ಮೆ ಹನ್ನೊಂದು ಎನ್ನುತ್ತಿದ್ದರು, ಒಮ್ಮೆ ಹದಿಮೂರು. ಮನೆಗಳ ಅಳತೆಯಲ್ಲಿ ಕಾಲು ಇಂಚು ಬಿಡದವರು ತಮ್ಮ ವರ್ಷಗಳ ವಿಷಯದಲ್ಲಿ ಉದಾರಿಯಾಗಿದ್ದರು.

ಆ ಮನೆಗಳ ಬಗ್ಗೆ ಅವರು ಮಾತಾಡುವಾಗ ಕೇಳಬೇಕಿತ್ತು. ಬೇರೆಯವರು ಕಂಬ, ಕಮಾನು, ಗೋಡೆಯ ಮೇಲಿನ ಚಿತ್ರ ಹೊಗಳಿದರೆ ಇವರು ಬೂದಿ ಎಲ್ಲಿಂದ ಹೊರಗೆ ಹೋಗುತ್ತಿತ್ತು ಎಂದು ಕೇಳುತ್ತಿದ್ದರು. ಅಂಥ ಮನೆಯೊಳಗೆ ಎರಡು ಮನೆ ಇರುತ್ತವೆ ಎಂದು ನನಗೆ ಕಲಿಸಿದವರು ಅವರೇ. ಒಂದು ನಡುಮನೆಯದು, ನಾಲ್ಕು ಜನ ಸಾಲಾಗಿ ಹತ್ತಬಹುದಾದ ಮೆಟ್ಟಿಲಿನದು. ಇನ್ನೊಂದು ಅಡುಗೆಯವರದು, ಕಲ್ಲಿದ್ದಲು ಹೊರುವವರದು, ಭುಜ ತಾಗುವಷ್ಟು ಇಕ್ಕಟ್ಟಾದ ಮೆಟ್ಟಿಲಿನದು. ನೆಂಟರ ಕಣ್ಣಿಗೆ ಬೂದಿಯ ಬಕೆಟ್ಟು ಬೀಳಬಾರದು ಎಂಬ ಒಂದು ಉದ್ದೇಶಕ್ಕೆ ಗೋಡೆಯೊಳಗೆ ದಾರಿ ಮಾಡುತ್ತಿದ್ದರಂತೆ. ಅದಕ್ಕೇ ಅಕ್ಕ ಯಾವ ಮನೆ ಅಳೆಯಲು ಹೋದರೂ ಮುಂಬಾಗಿಲಿನಿಂದ ಶುರು ಮಾಡುತ್ತಿರಲಿಲ್ಲ. ಸುತ್ತು ಹಾಕಿ ಅಡುಗೆಮನೆಯ ಬಾಗಿಲು ಹುಡುಕುತ್ತಿದ್ದರು.

"ಇಂಗ್ಲಿಷರನ್ನ ಬೈಯಾಕ ಹೇಳೂದಿಲ್ಲ ತಂಗಿ," ಎಂದಿದ್ದರು ಒಮ್ಮೆ. "ನಮ್ಮ ಅಜ್ಜಿ ಮನ್ಯಾಗೂ ಹಿತ್ತಲ ಬಾಗಲಾ ಇತ್ತು. ಅದರಾಗ ಯಾರು ಬರ್ತಿದ್ರು, ಎಲ್ಲೀತನಕ ಬರ್ತಿದ್ರು, ಎಲ್ಲಿ ನಿಲ್ತಿದ್ರು ಅಂತ ನಾ ಎಂದಾರ ನಕಾಶಿ ತಗದೀನೇನ? ತಗದಿಲ್ಲ. ಬ್ಯಾರೆಯವರ ಮನಿ ಅಳ್ಯೂದು ಭಾಳ ಸಸಾರ."

ಊಟದ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿಯನ್ನು ಮಡಿಸದೆ, ನಕ್ಷೆ ಹಾಳೆಯ ಸುರುಳಿಯಂತೆ ಸುತ್ತಿ ತರುತ್ತಿದ್ದರು. ಕೈಚೀಲದಲ್ಲಿ ಸದಾ ಒಂದು ಉಕ್ಕಿನ ಟೇಪು. ಅದರ ಮೊದಲ ಇಂಚು ಸವೆದು ಅಂಕಿ ಅಳಿಸಿತ್ತು; ಅಕ್ಕ ಎರಡನೆಯ ಇಂಚಿನಿಂದ ಹಿಡಿದು ಕೊನೆಗೆ ಒಂದು ಕಳೆಯುತ್ತಿದ್ದರು. ಹೊಸ ಟೇಪು ತೆಗೆದುಕೊಳ್ಳಿ ಎಂದರೆ, "ಇದರ ತಪ್ಪು ಎಷ್ಟಂತ ನನಗ ಗೊತ್ತೈತಿ. ಹೊಸಾದ್ದರ ತಪ್ಪು ಯಾರಿಗೆ ಗೊತ್ತು?" ಎನ್ನುತ್ತಿದ್ದರು.

ಯಾರ ಮನೆಗೆ ಹೋದರೂ ಗೋಡೆ ತಟ್ಟುವ ಚಾಳಿಯೂ ಇತ್ತು. ಹೇವರ್ಡ್‌ನಲ್ಲಿ ನನ್ನ ಪರಿಚಯದ ಮಂಡ್ಯದವರೊಬ್ಬರ ಗೃಹಪ್ರವೇಶಕ್ಕೆ ಕರೆದುಕೊಂಡು ಹೋಗಿದ್ದೆ. ಸತ್ಯನಾರಾಯಣ ಪೂಜೆ ಮುಗಿದು ಪ್ರಸಾದ ಕೈಗೆ ಬಂದಿತ್ತು. ಅಕ್ಕ ಎಡಗೈಯಲ್ಲಿ ಮುಂಬಾಗಿಲ ಪಕ್ಕದ ಇಟ್ಟಿಗೆ ಗೋಡೆ ತಟ್ಟಿದರು, ಒಳಗೆ ಬಂದು ಅದೇ ಗೋಡೆಯ ಹಿಂಬದಿ ತಟ್ಟಿದರು.

"ಮುಂದ ಇಟ್ಟಂಗಿ, ಹಿಂದ ರಟ್ಟು," ಎಂದು ತೀರ್ಪು ಕೊಟ್ಟರು.

ಮನೆಯ ಯಜಮಾನ ಗಾಬರಿಯಾಗಿ, "ಅಕ್ಕಾ, ಮೆಲ್ಲಗ್ ಹೇಳಿ! ನಮ್ಮತ್ತೆ ಕೇಳಿಸ್ಕೊಂಡ್ರೆ ಇವತ್ತೇ ಫ್ಲೈಟು ಬುಕ್ ಮಾಡು ಅಂತಾರೆ. ಇಲ್ಲಿ ಎಲ್ಲಾರ್ ಮನೇನೂ ಹಿಂಗೇ," ಎಂದ.

"ಎಲ್ಲಾರದೂ ಹಿಂಗ ಅಂತ ನಿನಗ ಹೆಂಗ ಗೊತ್ತು? ಎಲ್ಲಾರ ಮನೀ ತಟ್ಟಿ ಬಂದೀಯೇನ?"

ಆಮೇಲೆ ಅವನ ಬೆನ್ನು ಸವರಿ, ಭೂಕಂಪದ ಊರಿನಲ್ಲಿ ಹಗುರ ಗೋಡೆಯೇ ಒಳ್ಳೆಯದೆಂದು ಸಮಾಧಾನ ಹೇಳಿ ಎರಡನೆಯ ಸಲ ಸಜ್ಜಿಗೆ ಹಾಕಿಸಿಕೊಂಡರು.

ನೋಡದೆ 'ಎಲ್ಲಾ ಹಿಂಗೇ' ಎನ್ನುವುದು ಅವರಿಗೆ ಆಗುತ್ತಿರಲಿಲ್ಲ. ಅವರ ನಕ್ಷೆಗಳಲ್ಲಿ ಎರಡು ಥರದ ಗೆರೆ ಇರುತ್ತಿತ್ತು. ಕೈಯಾರೆ ಅಳೆದದ್ದಕ್ಕೆ ತುಂಬುಗೆರೆ. ಬೀಗ ಹಾಕಿದ ಕೋಣೆ, ಕೈಗೆ ಎಟುಕದ ಸೂರು, ಇನ್ನೊಬ್ಬರು ಬಾಯಲ್ಲಿ ಹೇಳಿದ ಅಳತೆ, ಇವಕ್ಕೆಲ್ಲ ಚುಕ್ಕಿಗೆರೆ. ತನಿಖೆ ಮಾಡಿದವರ ಸಹಿಯ ಜಾಗದಲ್ಲಿ ಅವರ ಸಹಿ ಇದ್ದರೆ ಆ ಹಾಳೆಯ ಪ್ರತಿ ತುಂಬುಗೆರೆಯನ್ನೂ ಅವರು ಮುಟ್ಟಿ ಬಂದಿದ್ದಾರೆ ಎಂದು ಅರ್ಥ. ಅಳತೆಯ ಪುಸ್ತಕದಲ್ಲಿ ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆದು, ಅನುಮಾನಗಳನ್ನು ಮಾತ್ರ ಪಕ್ಕದ ಅಂಚಿನಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಅದೊಂದು ಗುಟ್ಟು ಎಂದು ಯಾರೂ ತಿಳಿದಿರಲಿಲ್ಲ. ಆಫೀಸಿನಲ್ಲಿ ಓದಬಲ್ಲವಳು ನಾನೊಬ್ಬಳೇ, ನಾನು ಯಾವತ್ತೂ ತೆರೆದು ನೋಡಿರಲಿಲ್ಲ.

ಈಗ ನನ್ನ ತಪ್ಪಿನ ವಿಷಯ.

ಬರ್ಕ್ಲಿಯ ಮುಂದಿನ ಕೊಲ್ಲಿಯ ಆಚೆ, ಬೆಟ್ಟದ ತಪ್ಪಲಿನಲ್ಲಿ ಒಂದು ಹಳೆಯ ಮನೆ. ನೂರು ವರ್ಷಕ್ಕೂ ಹಿಂದೆ ಇಲ್ಲಿಯ ಶ್ರೀಮಂತನೊಬ್ಬ ಇಂಗ್ಲೆಂಡಿನ ಹಳ್ಳಿಮನೆಯೊಂದನ್ನು ನೋಡಿ ಆಸೆಪಟ್ಟು, ಅದರಂತೆಯೇ ಕಟ್ಟಿಸಿದ್ದು. ನಡುವೆ ಎತ್ತರದ ಮನೆ, ಎರಡು ಪಕ್ಕದಲ್ಲಿ ಚಾಚಿದ ಎರಡು ತೋಳು. ಪೂರ್ವದ ತೋಳಿನಲ್ಲಿ ಪುಸ್ತಕದ ಕೋಣೆ, ಪಶ್ಚಿಮದಲ್ಲಿ ಅಡುಗೆಮನೆ. ಹೊರಗಿನಿಂದ ಎರಡೂ ಒಂದೇ ಅಚ್ಚಿನವು. ಅಷ್ಟೇ ಕಿಟಕಿ, ಅಷ್ಟೇ ಎತ್ತರ. ಈಗ ಅದು ಒಂದು ಟ್ರಸ್ಟಿನ ಕೈಯಲ್ಲಿದೆ, ಮದುವೆಗೆ ಬಾಡಿಗೆಗೆ ಕೊಡುತ್ತಾರೆ. ಟ್ರಸ್ಟಿನವರಿಗೆ ಅಡುಗೆಮನೆಯ ತೋಳಿನ ಒಳಗೋಡೆಗಳನ್ನೆಲ್ಲ ತೆಗೆದು ಮದುವೆಗೆ ಒಂದು ದೊಡ್ಡ ಹಾಲ್ ಮಾಡಬೇಕಿತ್ತು. ಅದಕ್ಕೆ ಕೌಂಟಿಯ, ಎಂದರೆ ಇಲ್ಲಿಯ ಜಿಲ್ಲೆಯ, ಹಳೆಯ ಕಟ್ಟಡಗಳ ಸಮಿತಿಯ ಅನುಮತಿ ಬೇಕು, ಸಮಿತಿಗೆ ಈಗಿರುವ ಮನೆಯ ನಕ್ಷೆ ಬೇಕು. ಅಕ್ಕ ಎರಡು ವಾರ ರಜೆಯ ಮೇಲಿದ್ದರು. ಆ ನಕ್ಷೆಯ ಕೆಲಸ ಮೊದಲ ಬಾರಿಗೆ ನನ್ನೊಬ್ಬಳ ಕೈಗೆ ಬಂತು.

ಪೂರ್ವದ ತೋಳನ್ನು ಮೂರು ದಿನ ಕೂತು ಅಳೆದೆ. ಪಶ್ಚಿಮದ ಬಾಗಿಲು ತೆಗೆದರೆ ಮದುವೆಯ ಕುರ್ಚಿ ಮೇಜುಗಳು ಸೂರಿನವರೆಗೆ ಪೇರಿಸಿದ್ದವು. ಶುಕ್ರವಾರ ಸಂಜೆ, ಸೇತುವೆ ದಾಟಿ ಮನೆಗೆ ಹೋಗಲು ಎರಡು ಗಂಟೆ. ಕುರ್ಚಿಗಳ ಸಂದಿಯಿಂದ ಇಣುಕಿದೆ. ಕೋಣೆ ಅಷ್ಟೇ ಅಗಲ ಕಂಡಿತು. ಸೋಮವಾರ ಆಫೀಸಿನಲ್ಲಿ, ನಕ್ಷೆ ಬರೆಯುವ ಎಲ್ಲರೂ ಒಮ್ಮೆಯಾದರೂ ಮಾಡಿರುವುದನ್ನು ಮಾಡಿದೆ. ಕಂಪ್ಯೂಟರಿನಲ್ಲಿ ಪೂರ್ವದ ತೋಳನ್ನು, ಪುಸ್ತಕದ ಕೋಣೆಯ ಚಳಿ ಕಾಯಿಸುವ ಒಲೆಯ ಸಮೇತ, ಕನ್ನಡಿಯಲ್ಲಿ ತೋರಿಸಿದಂತೆ ತಿರುಗಿಸಿ ಪಶ್ಚಿಮಕ್ಕೆ ಅಂಟಿಸಿದೆ. ಎಲ್ಲ ತುಂಬುಗೆರೆ. ಆಫೀಸಿನ ಯಜಮಾನರು ಅವಸರದಲ್ಲಿ ತಾವೇ ಸಹಿ ಹಾಕಿ ಟ್ರಸ್ಟಿಗೆ ಕಳಿಸಿದರು. ಟ್ರಸ್ಟಿನವರಿಗೆ ಖುಷಿ: ಎರಡೂ ತೋಳು ಒಂದೇ ಥರ ಇರುವಾಗ ಒಂದನ್ನು ಬದಲಿಸಿದರೆ ಕಳೆದುಕೊಳ್ಳುವುದೇನೂ ಇಲ್ಲ ಎಂದು ಅರ್ಜಿಯಲ್ಲಿ ಬರೆದರು.

ರಜೆ ಮುಗಿಸಿ ಬಂದ ಅಕ್ಕ ಒಂದು ಗುರುವಾರ ಮಧ್ಯಾಹ್ನ ಕೈ ತೊಳೆದುಕೊಂಡು ಆ ಹಾಳೆ ಹರಡಿಕೊಂಡರು. ಟೇಪು ಬೇಕಾಗಲಿಲ್ಲ. ಪಶ್ಚಿಮದ ಕೋಣೆಯ ಒಲೆಯ ಮೇಲೆ ಬೆರಳಿಟ್ಟರು.

"ತಂಗಿ, ಈ ಮನ್ಯಾಗ ಹಬ್ಬಕ್ಕ, ಔತಣಕ್ಕ ಎಷ್ಟು ಮಂದಿ ಉಣ್ತಿದ್ರು?"

"ನಲವತ್ತು ಐವತ್ತು ಜನ ಅಂತ ಟ್ರಸ್ಟಿನವ್ರು ಹೇಳಿದ್ರು ಅಕ್ಕ."

"ಇಷ್ಟಗಲದ ಒಲಿ ಮ್ಯಾಲ ಐವತ್ತು ಮಂದಿಗೆ ಅಡಗಿ ಹೆಂಗ ಮಾಡಿದ್ರು? ಇದು ಕಾಲ ಕಾಸ್ಕೋತ ಪುಸ್ತಕ ಓದೋ ಒಲಿ."

ಬೆರಳನ್ನು ಪೂರ್ವದ ಕೋಣೆಯ ಒಲೆಗೆ ಸರಿಸಿ, ಮತ್ತೆ ಪಶ್ಚಿಮಕ್ಕೆ ತಂದರು.

"ಅಳದಿಯೇನ?"

"ಒಳಗೆ ಹೋಗೋಕಾಗ್ಲಿಲ್ಲ ಅಕ್ಕ. ಚೇರು ತುಂಬಿತ್ತು. ಹೊರಗಡೆಯಿಂದ ಎರಡೂ ಒಂದೇ ಥರ ಇತ್ತಲ್ಲ, ಅದಕ್ಕೆ..."

ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಚುಕ್ಕಿ ಇಡಬೇಕಿತ್ತು. ಚುಕ್ಕಿ ಇಡಾಕ ನಾಚಿಕಿ ಆತೇನ?" ಎಂದರು.

ನಾಚಿಕೆಯೇ ಆಗಿತ್ತು. ಮೊದಲ ಸ್ವತಂತ್ರ ಕೆಲಸದಲ್ಲಿ ಅರ್ಧ ಹಾಳೆ ಚುಕ್ಕಿಯಾಗಿ ಕೊಡಲು ಮನಸ್ಸು ಬರಲಿಲ್ಲ. ಈಗ ಭಯವೂ ಸೇರಿತು. ಆ ಕೆಲಸ ಹೋದರೆ ವೀಸಾ ಹೋಗುತ್ತಿತ್ತು. ಯಜಮಾನರಿಗೆ ನಾನೇ ಹೋಗಿ ಹೇಳಬೇಕೆಂದು ಅಕ್ಕ ಹೇಳಿದರೋ, ಅಥವಾ ಅವರ ಮುಖ ನೋಡಿ ನಾನೇ ಎದ್ದೆನೋ, ಖಚಿತವಿಲ್ಲ. ಹೇಳಿದೆ. ಯಜಮಾನರು ಟ್ರಸ್ಟಿನ ಫೈಲು ಎಳೆದುಕೊಂಡರು. ಹಾಳೆಯನ್ನು ವಾಪಸ್ ತರಿಸಿಕೊಳ್ಳುತ್ತೇನೆ, ಹನ್ನೆರಡು ದಿನದಲ್ಲಿ ಸರಿಯಾದದ್ದು ಬೇಕು, ಅದರ ಮೇಲೆ ಅಕ್ಕನ ಸಹಿ ಇರಬೇಕು, ಇಲ್ಲದಿದ್ದರೆ ನೀನು ಬೇರೆ ಕೆಲಸ ನೋಡಿಕೋ ಎಂದರು. ಹೀಗೆ ನನ್ನ ಕೆಲಸ ಅಕ್ಕನ ಸಹಿಯ ಮೇಲೆ ನಿಂತಿತು. ಅವರ ಸಹಿ ಹೇಗೆ ಬೀಳುತ್ತದೆಂದು ನನಗೆ ಗೊತ್ತಿತ್ತು.

ಭಾನುವಾರ ಇಬ್ಬರೂ ಹೋದೆವು. ಕಾವಲುಗಾರನ ಸಹಾಯದಿಂದ ಕುರ್ಚಿ ಮೇಜುಗಳನ್ನೆಲ್ಲ ಹುಲ್ಲಿನ ಮೇಲೆ ಸಾಗಿಸಿದಾಗ ಅಡುಗೆಮನೆ ಕಾಣಿಸಿತು. ಒಂದು ಗೋಡೆಯುದ್ದಕ್ಕೂ ಒಲೆ, ನಾನು ಮಲಗಬಹುದಾದಷ್ಟು ಉದ್ದ. ಅಕ್ಕ ಅದನ್ನು ನೋಡಿ "ಇಲ್ಲೈತಿ ನೋಡು ಮನಿ" ಎಂದರು. ಆಮೇಲೆ ಕೋಣೆಯ ಒಳಗಲ ಅಳೆದೆವು, ಹೊರಗೆ ಹೋಗಿ ಹೊರಗೋಡೆ ಅಳೆದೆವು. ಲೆಕ್ಕ ಕೂಡಿಸಿದರೆ ಮೂರೂವರೆ ಅಡಿ ಕಾಣೆಯಾಗಿತ್ತು. ಅಕ್ಕ ಒಳಗೆ ಬಂದು ಮರದ ಹಲಗೆ ಹೊದಿಸಿದ ಗೋಡೆಯನ್ನು ತಟ್ಟುತ್ತಾ ನಡೆದರು. ಕಪಾಟಿನ ಬಾಗಿಲು ಎಂದು ನಾನು ತಿಳಿದಿದ್ದ ಒಂದನ್ನು ಎಳೆದರು. ಒಳಗೆ ಕತ್ತಲು, ಅದರಲ್ಲಿ ಮೇಲಕ್ಕೆ ಹೋಗುವ ಮೆಟ್ಟಿಲು.

ಹೊರಗಿನಿಂದ ಆ ಜಾಗದಲ್ಲಿ ಎರಡು ಕಿಟಕಿ ಕಾಣುತ್ತವೆ. ಚೌಕಟ್ಟಿದೆ, ಗಾಜಿದೆ. ಗಾಜಿನ ಹಿಂದೆ ಕಪ್ಪು ಬಳಿದ ಇಟ್ಟಿಗೆ. ಪೂರ್ವದ ತೋಳಿಗೆ ಸಮವಾಗಿ ಕಾಣಲಿ ಎಂದು ಗೋಡೆಗೆ ಕಿಟಕಿಯ ವೇಷ ಹಾಕಿದ್ದರು. ಅದರ ಹಿಂದೆಯೇ ಈ ಮೆಟ್ಟಿಲು, ಬೆಳಕಿಗೆ ಒಂದು ಕಿಂಡಿಯೂ ಇಲ್ಲದೆ.

"ನಾ ಬರಂಗಿಲ್ಲ," ಎಂದರು ಅಕ್ಕ. "ಮೊಣಕಾಲ ಒಪ್ಪಂಗಿಲ್ಲ. ನೀ ಹತ್ತು. ಒಂದೊಂದ ಪಾವಟಿಗಿ ಅಳದು ಒದರು, ನಾ ಬರ್ಕೋತೀನಿ."

ಫೋನಿನ ಬೆಳಕು ಬಾಯಲ್ಲಿ ಕಚ್ಚಿಕೊಂಡು ಹತ್ತಿದೆ. ಎರಡೂ ಭುಜ ಗೋಡೆಗೆ ತಾಗುತ್ತಿದ್ದವು. ಹಳೆಯ ಧೂಳು, ಇಲಿಯ ವಾಸನೆ. ಒಂದೊಂದು ಮೆಟ್ಟಿಲಿಗೂ ಟೇಪು ಹಿಡಿದು ಕೂಗುತ್ತಾ ಹೋದೆ. ಎಂಟು ಇಂಚು. ಎಂಟು. ಎಂಟು. ಕೆಳಗಿನಿಂದ ಪ್ರತಿ ಸಲವೂ "ಹೂಂ" ಎಂದು ಕೇಳಿಸುತ್ತಿತ್ತು. ಒಟ್ಟು ಇಪ್ಪತ್ತನಾಲ್ಕು ಮೆಟ್ಟಿಲು. ಇಳಿದು ಬಂದಾಗ ಅಕ್ಕ ನನ್ನ ಮುಖ ನೋಡಿದರು.

"ಒಂದೊಂದೂ ಅಳದಿಯೇನ?"

"ಹೂಂ ಅಕ್ಕ."

"ಖರೇನ?"

"ಖಂಡಿತ."

ಇಲ್ಲಿಯೇ ನನ್ನ ನೆನಪು ನನಗೆ ಕೈಕೊಡುತ್ತದೆ. ನಾನು ಪ್ರತಿಯೊಂದನ್ನೂ ಅಳೆದೆನೆ? ಕತ್ತಲು, ಉಸಿರುಕಟ್ಟು, ಎಲ್ಲವೂ ಎಂಟೇ ಬರುತ್ತಿತ್ತು. ಮೇಲಿನ ಹನ್ನೆರಡು ಮೆಟ್ಟಿಲಿನಲ್ಲಿ ಟೇಪು ಹಿಡಿಯದೆ ಸುಮ್ಮನೆ 'ಎಂಟು' ಎಂದು ಕೂಗಿರಬಹುದಲ್ಲ? ಎರಡು ವಾರದ ಹಿಂದೆ ಅರ್ಧ ಮನೆಯನ್ನೇ ಅಳೆಯದೆ ಬರೆದವಳು ನಾನು. ಆ ದಿನದ ನನ್ನ ಕೈಯ ನೆನಪು ನನಗಿಲ್ಲ. ಕೂಗಿದ ದನಿ ಮಾತ್ರ ಇದೆ.

ಅಕ್ಕ ತಮ್ಮ ಪುಸ್ತಕದಿಂದ ಅಂಕಿಗಳನ್ನು ಓದಿ ಹೇಳಿದರು, ನಾನು ಹಾಳೆ ಹೊಸದಾಗಿ ಬರೆದೆ. ಮೆಟ್ಟಿಲನ್ನು ನಾನೇ ಚುಕ್ಕಿಗೆರೆಯಲ್ಲಿ ಬರೆದು ಅಕ್ಕನ ಮೇಜಿನ ಮೇಲಿಟ್ಟೆ. ಅವರು ಮುಟ್ಟದ್ದು, ನನ್ನ ಬಾಯಿಮಾತು, ಚುಕ್ಕಿಯೇ ನ್ಯಾಯ. ಮೆಟ್ಟಿಲು ಚುಕ್ಕಿಯಲ್ಲಿರುವ ಹಾಳೆಯನ್ನು ಯಜಮಾನರು ಒಪ್ಪುತ್ತಾರೋ ಇಲ್ಲವೋ ಎಂದು ಇಡೀ ವಾರ ಊಟ ಸೇರಲಿಲ್ಲ. ಹನ್ನೊಂದನೆಯ ದಿನ, ಸೋಮವಾರ, ಹಾಳೆ ವಾಪಸ್ ಬಂತು. ಚುಕ್ಕಿಗಳ ಮೇಲೆ ಅಕ್ಕ ಶಾಯಿಯಲ್ಲಿ ತುಂಬುಗೆರೆ ಎಳೆದಿದ್ದರು. ಕೆಳಗೆ ಸಹಿ.

ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಕೆಲಸ ಉಳಿಯಿತು. ಸಮಿತಿಯವರು ಮೆಟ್ಟಿಲನ್ನೂ ಒಲೆಯನ್ನೂ ಮುಟ್ಟಬಾರದೆಂದು ಹೇಳಿ, ಉಳಿದ ಜಾಗದಲ್ಲಿ ಸಣ್ಣ ಹಾಲ್‌ಗೆ ಅನುಮತಿ ಕೊಟ್ಟರು. ಈಗ ಮದುವೆಗೆ ಬಂದವರು ಆ ಒಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಕತೆಯನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೇನೋ. ಅಕ್ಕ ನಿವೃತ್ತರಾದ ದಿನದ ಪಾರ್ಟಿಯಲ್ಲೂ ಹೇಳಿದೆ: ಜೀವಮಾನದಲ್ಲಿ ಒಂದೇ ಒಂದು ಸಲ ಅಕ್ಕ ತಾವು ಮುಟ್ಟದ ಗೆರೆಗೆ ಸಹಿ ಹಾಕಿದರು, ನನ್ನ ಮಾತು ನಂಬಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕ ಕೇಕಿನ ತಟ್ಟೆ ನೋಡುತ್ತಾ, "ಭಾಳ ಮಾತಾಡ್ತೀ" ಎಂದರು. ಹೇಳಿದಷ್ಟೂ ಸಲ ನನ್ನೊಳಗೆ ಒಂದು ಮುಳ್ಳು ಆಡುತ್ತಿತ್ತು. ಅವರು ನಂಬಿದ್ದು ಸರಿಯಿತ್ತೆ?

ಹೋದ ಭಾನುವಾರ ಲಿವರ್‌ಮೋರಿನಿಂದ ಫೋನು ಬಂತು. ಅಕ್ಕನ ತಮ್ಮನ ಮಗಳು. ಇಲ್ಲೇ ಹುಟ್ಟಿ ಬೆಳೆದವಳು, ಕಾಲೇಜು ಮುಗಿಸುತ್ತಿದ್ದಾಳೆ. ಅತ್ತೆಯ ಅಳತೆಯ ಪುಸ್ತಕಗಳನ್ನು ಬರ್ಕ್ಲಿಯ ಲೈಬ್ರರಿಯೊಂದು ಕೇಳಿದೆ, ಅಂಚಿನ ಕನ್ನಡ ಯಾರೂ ಓದಲಾರರು, ಬರುತ್ತೀರಾ ಎಂದಳು. ಹೋದೆ. ಊಟದ ಮೇಜಿನ ಮೇಲೆ ಮೂವತ್ತಕ್ಕೂ ಹೆಚ್ಚು ಪುಸ್ತಕಗಳು. ಪಕ್ಕದಲ್ಲಿ ಆ ಟೇಪು. ಅವಳು ಒಂದೊಂದು ಪುಟದ ಮೇಲೆ ಬೆರಳಿಡುವುದು, ನಾನು ಓದುವುದು, ಅವಳು ಟೈಪು ಮಾಡುವುದು. 'ಈ ಗ್ವಾಡಿ ಸುಳ್ಳ ಹೇಳ್ತೈತಿ.' 'ಸೂರು ಕೈಗೆ ಹತ್ತಲಿಲ್ಲ.' 'ಮಾಲಕ ಹೇಳಿದ್ದು, ನಂಬೂದು ಕಷ್ಟ.' ಹುಡುಗಿ ನಗುತ್ತಾ, "ಅತ್ತೆ ವಾಸ್ ಸೋ ಸಸ್ಪಿಷಸ್!" ಎಂದಳು.

ಕೊಲ್ಲಿಯಾಚೆಯ ಮನೆಯ ಪುಟ ಬಂತು. ಇಪ್ಪತ್ತನಾಲ್ಕು ಅಂಕಿಗಳು ಒಂದರ ಕೆಳಗೆ ಒಂದು. ಅಂಚಿನಲ್ಲಿ ಉದ್ದಕ್ಕೂ ಚುಕ್ಕಿ ಇಟ್ಟು, 'ತಂಗಿ ಒದರಿದ್ದು. ನಾ ಅಳದಿಲ್ಲ.' ನಾನು ನಿರೀಕ್ಷಿಸಿದ್ದೇ. ಪುಟ ತಿರುಗಿಸಿದರೆ ಮತ್ತೆ ಅದೇ ಇಪ್ಪತ್ತನಾಲ್ಕು ಅಂಕಿಗಳು, ಬೇರೆ ಪೆನ್ನಿನಲ್ಲಿ, ಗೀಚಿದ ಹಾಗೆ, ಕೂತುಕೊಂಡು ಬರೆದಂತೆ ಓರೆಯಾಗಿ. ಮೇಲೆ ತಾರೀಖು, ದಿನ: ಶನಿವಾರ. ನಾನು ಊಟ ಬಿಟ್ಟು ಕಾಯುತ್ತಿದ್ದ ವಾರದ ಶನಿವಾರ.

ಅಕ್ಕ ಒಬ್ಬರೇ ಹೋಗಿದ್ದರು. ಆ ಕಾಲಿನಲ್ಲಿ, ಆ ಕತ್ತಲಲ್ಲಿ, ಇಪ್ಪತ್ತನಾಲ್ಕು ಮೆಟ್ಟಿಲು ಹತ್ತಿದ್ದರು. ನನ್ನನ್ನು ನಂಬಿ ಸಹಿ ಹಾಕಿರಲಿಲ್ಲ. ಪಾರ್ಟಿಯಲ್ಲಿ ನಾನು ಅದನ್ನು ಹೇಳಿದಾಗ ಸುಳ್ಳು ಎನ್ನಲೂ ಇಲ್ಲ.

ಒಂದು ಕ್ಷಣ ಪೆಟ್ಟು ಬಿದ್ದಂತಾಯಿತು. ಆಮೇಲೆ ಅಂಚಿನ ಕನ್ನಡ ಕಣ್ಣಿಗೆ ಬಿತ್ತು.

"ವಾಟ್ ಡಸ್ ಇಟ್ ಸೇ?" ಎಂದಳು ಹುಡುಗಿ, ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು. ನಾನು ಪುಟವನ್ನು ಹಿಂದಕ್ಕೆ ಮಗುಚಿದ್ದು ನೋಡಿ, "ಆಂಟೀ, ಆರ್ ಯೂ ಓಕೆ?"

ಅಲ್ಲಿ ನಾನು ಕೂಗಿದ್ದ ಅಂಕಿಗಳನ್ನು ಬೆರಳಿಟ್ಟು ಎಣಿಸಿದೆ. ಎಂಟು, ಎಂಟು, ಎಂಟು. ಹದಿಮೂರರವರೆಗೆ ಎಂಟು. ಹದಿನಾಲ್ಕು: ಏಳೂವರೆ. ಮತ್ತೆ ಕೊನೆಯವರೆಗೆ ಎಂಟು. ಅಂಥ ಒಂದು ಮೆಟ್ಟಿಲು ಇತ್ತೆಂಬುದೇ ನನಗೆ ಮರೆತುಹೋಗಿತ್ತು. ಟೇಪು ಹಿಡಿಯದೆ ಕೂಗುವವಳಿಗೆ ಅದು ಸಿಕ್ಕುತ್ತಿರಲಿಲ್ಲ.

ಆಮೇಲೆ ಶನಿವಾರದ ಪುಟದ ಅಂಚನ್ನು ಅವಳಿಗೆ ಗಟ್ಟಿಯಾಗಿ ಓದಿದೆ, ಅಕ್ಕ ಬರೆದಂತೆಯೇ:

'ಹದಿನಾಲ್ಕನೇದು ಏಳೂವರಿ. ಬಡಗಿ ತಪ್ಪ್ಯಾನ, ತಂಗಿ ತಪ್ಪಿಲ್ಲ. ಎಲ್ಲಾ ಬರೋಬ್ಬರಿ ಐತಿ.'